ಬೀಳ್ಕೊಡುಗೆಯ ಸೀರೆ

ಬೆಳಗಿನ ರೈಲು ಮಾರಿಕುಪ್ಪಂ ಬಿಡುವಾಗ ಬೋಗಿಯೆಲ್ಲ ಖಾಲಿ. ಅಲ್ಲಿ ಹತ್ತುವವರು ಮುಂದೆ ಹತ್ತುವವರಿಗಾಗಿ ಸೀಟಿನ ಮೇಲೆ ಕರ್ಚೀಫು ಹಾಸಿಡುವುದು ನಮ್ಮಲ್ಲಿ ರೂಢಿ. ನಾವು ಏಳೆಂಟು ಮಂದಿ ಒಂದೇ ವಿಶ್ವವಿದ್ಯಾಲಯದ ಒಂದೇ ವಿಭಾಗದಲ್ಲಿ ಪಾಠ ಮಾಡುವವರು, ಬಂಗಾರಪೇಟೆಯಲ್ಲಿ ಇಳಿದು ಬಸ್ಸು ಹಿಡಿಯುವವರು. ನಮ್ಮ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬಳು ಉರಿಗಾಂನಲ್ಲಿ ಹತ್ತುತ್ತಿದ್ದಳು. ಗಣಿಯವರ ಲೈನ್ ಮನೆಯಲ್ಲಿ ಬೆಳೆದವಳು, ಕನ್ನಡ, ತಮಿಳು, ತೆಲುಗು ಬೆರೆಸಿ ಬೋಗಿಯನ್ನೆಲ್ಲ ನಗಿಸುವವಳು. ಅವಳ ಸೀಟು ಎಂದೂ ತಪ್ಪುತ್ತಿರಲಿಲ್ಲ.

ವರ್ಷ ವರ್ಷ ಅವಳ ಕೆಲಸ ಮುಂದುವರಿಯಬೇಕಾದರೆ ವಿಭಾಗದ ಮುಖ್ಯಸ್ಥರು ಒಪ್ಪಬೇಕು. ಆ ಮಹಾನುಭಾವರು ತಮ್ಮ ಮಗನ ಪ್ರಾಜೆಕ್ಟ್ ಬರೆದುಕೊಡು ಎಂದರು. ಇವಳು ಆಗುವುದಿಲ್ಲ ಎಂದಳು. ಮುಂದಿನ ಮೀಟಿಂಗಿನಲ್ಲಿ, ಮಕ್ಕಳ ಫಲಿತಾಂಶ ಕಡಿಮೆಯಾಯಿತೆಂಬ ನೆಪ ತೆಗೆದು, ಅವಳನ್ನು ಎಬ್ಬಿಸಿ ನಿಲ್ಲಿಸಿದರು. "ಸರ್, ಅವರು ಕೂರಲಿ" ಎಂದೆ. "ನಿಮಗೂ ನಿಲ್ಲೋ ಆಸೇನಾ?" ಎಂದರು. ಉಳಿದವರ ಬಾಯಿಗೆ ಕಡುಬು ತುರುಕಿದಂತಿತ್ತು. ಮೀಟಿಂಗ್ ಮುಗಿಯುವವರೆಗೂ ಅವಳು ನಿಂತೇ ಇದ್ದಳು.

ಮರುದಿನ ರೈಲಿನಲ್ಲಿ ಅವಳಿಗೆ ಯಾರೂ ಸೀಟು ಹಿಡಿಯಲಿಲ್ಲ. ನಾನು ಕರ್ಚೀಫು ಹಾಸಲು ಹೋದರೆ ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ತಮ್ಮ ಬ್ಯಾಗನ್ನು ಅಲ್ಲಿಗೇ ಸರಿಸಿದರು.

"ಯಾಕಮ್ಮ ಬೇಕು ಇಲ್ಲದ್ ಉಸಾಬರಿ? ನಮ್ಗೂ ಎಂಡ್ರು ಮಕ್ಳು ಅವ್ರೆ."

ಮೈಯೆಲ್ಲ ಉರಿದರೂ, ಪಾಪ, ಹೆದರಿದ್ದಾರೆ ಎಂದುಕೊಂಡು ಕರ್ಚೀಫು ಮಡಿಸಿಟ್ಟುಕೊಂಡೆ. ಆಮೇಲೆ ನಾವಿಬ್ಬರೂ ಬಾಗಿಲ ಬಳಿ ಬೇರೆ ಸೀಟು ನೋಡಿಕೊಂಡೆವು. ಅವಳ ತಮಾಷೆ ನಿಂತುಹೋಯಿತು. ನಾನು ಮೇಲಿನವರಿಗೆ ದೂರು ಕೊಟ್ಟೆ. ಅವರು ಸಿಬ್ಬಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿದರಂತೆ. ಮೀಟಿಂಗಿನಲ್ಲಿದ್ದವರೆಲ್ಲ ಅಂದು ಏನೂ ನಡೆಯಲೇ ಇಲ್ಲ ಎಂದು ಹೇಳಿ ಬಂದರು.

ಆ ವರ್ಷ ಅವಳನ್ನು ಮತ್ತೆ ತೆಗೆದುಕೊಳ್ಳಲಿಲ್ಲ.

ಕೊನೆಯ ದಿನ ಸಂಜೆ, ವಾಪಸು ಬರುವ ರೈಲಿನಲ್ಲಿ, ಅದೇ ಮಂದಿ ಸೇರಿ ಅವಳಿಗೊಂದು ಸೀರೆ ತಂದಿದ್ದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಿರಿಯ ಮೇಷ್ಟ್ರು ಎರಡು ಒಳ್ಳೆಯ ಮಾತಾಡಿದರು, ಒಬ್ಬರು ಫೋಟೋಗೆಂದು ಮೊಬೈಲು ಎತ್ತಿದರು. ನಾಚಿಕೆ ಎಂಬುದು ಇವರಿಗೆ ಎಲ್ಲಿ ಸತ್ತಿತೋ.

ಅವಳು ಕವರನ್ನು ಮೇಷ್ಟ್ರ ತೊಡೆಯ ಮೇಲೆ ವಾಪಸು ಇಟ್ಟಳು.

"ವೇಣಾ ಸಾರ್. ನಿಮ್ ಮನೇಲೇ ಯಾರಾನಾ ಉಟ್ಕೊಳ್ಳಿ."

ಉರಿಗಾಂ ಬಂತು. ನನ್ನ ಭುಜ ಮುಟ್ಟಿ ಇಳಿದುಹೋದಳು.

ರೈಲು ಹೊರಟಿತು. ಮೇಷ್ಟ್ರು ಸೀರೆಯ ಕವರು ಮಡಿಸುತ್ತಾ ಹೇಳಿದರು: "ನೋಡಿದ್ರಾ ಕೊಬ್ಬು? ಸಾಹೇಬ್ರು ಸುಮ್‌ಸುಮ್ನೆ ಅಂಗ್ ಮಾಡಿರಾಕಿಲ್ಲ."

ಎಲ್ಲರೂ ಹೌದೆಂದು ತಲೆಯಾಡಿಸಿದರು. ಮುಖ್ಯಸ್ಥರು ಆ ಬೋಗಿಯಲ್ಲಿ ಇರಲಿಲ್ಲ, ಈ ಮಾತನ್ನು ಅವರ ಕಿವಿಗೆ ಮುಟ್ಟಿಸುವ ಅಗತ್ಯವೂ ಇನ್ನು ಯಾರಿಗೂ ಇರಲಿಲ್ಲ. ಇಷ್ಟು ದಿನ ಇವರನ್ನು ಹೆದರುಪುಕ್ಕಲರೆಂದು ಕ್ಷಮಿಸುತ್ತಾ ಬಂದಿದ್ದೆ. ಅಂದು ಇವರಿಗೆ ಹೆದರಿಕೆ ಇರಲಿಲ್ಲ. ಆಡಿದ ಮಾತನ್ನು ಮನಸಾರೆ ನಂಬಿ ಆಡುತ್ತಿದ್ದರು.