ಅವ್ವನ ಕ್ಯಾಜುವಲ್ಟಿ

ನನ್ನ ಒಬ್ಬನೇ ತಮ್ಮ ಕಾಮಾಲೆಯಿಂದ ತೀರಿಕೊಂಡ ಮೇಲೆ ಅವ್ವನನ್ನು ದೇವದುರ್ಗದಿಂದ ರಾಯಚೂರಿಗೆ, ನನ್ನ ಮನೆಗೆ ಕರೆತಂದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವ್ವ ಅಳುವುದನ್ನು ನಿಲ್ಲಿಸಿದ್ದಳು. ನಾನಂತೂ ಅತ್ತಿರಲೇ ಇಲ್ಲ. ಇಬ್ಬರೂ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿರುತ್ತಿದ್ದೆವು, ಹೊತ್ತು ಹೋಗುತ್ತಿತ್ತು.

ಬಂದ ಸ್ವಲ್ಪ ದಿನಕ್ಕೇ ಅವ್ವನಿಗೆ ದೊಡ್ಡ ದವಾಖಾನೆಯ ಕ್ಯಾಜುವಲ್ಟಿಯ ಹುಚ್ಚು ಹತ್ತಿತು. ಅಂಗಾಲು ಉರಿದರೆ ಕ್ಯಾಜುವಲ್ಟಿ, ತೇಗು ಬರದಿದ್ದರೆ ಕ್ಯಾಜುವಲ್ಟಿ. ಅಲ್ಲಿಗೆ ಗಾಡಿಯಿಂದ ಬಿದ್ದವರು, ಹಾವು ಕಡಿದವರು ಬರುತ್ತಿದ್ದರು. ಅವರ ನಡುವೆ ನಮ್ಮವ್ವ ಸೆರಗು ಸರಿಮಾಡಿಕೊಂಡು, ಬೀಗರ ಮನೆಗೆ ಬಂದವಳ ಹಾಗೆ ಕೂತಿರುತ್ತಿದ್ದಳು. ನರ್ಸು ಗೊಣಗುತ್ತಿದ್ದಳು. "ಕರಕೊಂಡು ಹೋಗು, ನಿಮ್ಮವ್ವಗ ಅದು ತವರುಮನಿ ಆಗೇದ" ಎಂದು ನನ್ನ ಗಂಡ ಕಾಡಿಸುತ್ತಿದ್ದರು. ನನಗೆ ನಗುವೂ ಬರುತ್ತಿರಲಿಲ್ಲ, ಸಿಟ್ಟೂ ಬರುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದೆ.

ದೇವದುರ್ಗದಲ್ಲಿ ಹೀಗಿರಲಿಲ್ಲ. ಅಲ್ಲಿ ನಮಗೊಬ್ಬರು ಕಾಯಂ ಡಾಕ್ಟರಿದ್ದರು. "ಏನಾಗಂಗಿಲ್ಲ, ಗಂಜಿ ಕುಡಿದು ಮಲಕ್ಕೋಯವ್ವ" ಎಂದು ಅವರು ಹೇಳಿದರೆ ಅವ್ವನ ಅರ್ಧ ಜ್ವರ ಅಲ್ಲೇ ಇಳಿಯುತ್ತಿತ್ತು. ಅವರ ಕೈಗುಣದ ಮೇಲೆ ಅಷ್ಟು ನಂಬಿಕೆ. ಈಗ ಅವಳಿಗೆ ಬೇಕಿರುವುದೂ ಅಂಥ ಒಬ್ಬ ಡಾಕ್ಟರೇ ಎಂದು ಲೆಕ್ಕ ಹಾಕಿದೆ.

ನಮ್ಮ ಓಣಿಯ ಹತ್ತಿರವೇ ಒಬ್ಬರು ಸಿಕ್ಕರು, ಸಮಾಧಾನದ ಮನುಷ್ಯ. ಮೊದಲ ಸಲ ಅವ್ವ ಚೆನ್ನಾಗಿಯೇ ಮಾತಾಡಿದಳು. ಅವಳು ಹೊರಗೆ ಹೋದ ಮೇಲೆ, ತಿಳಿದಿರಲಿ ಎಂದು, ತಮ್ಮನ ಸಂಗತಿಯನ್ನು ಡಾಕ್ಟರಿಗೆ ನಾನೇ ಹೇಳಿದೆ. ಎರಡನೆಯ ಸಲ ಅವರು ಅವ್ವನ ನಾಡಿ ಹಿಡಿದು, "ಮಗ ಹೋದ ದುಃಖ ಭಾಳ ಇರ್ತದಮ್ಮಾ" ಎಂದರು. ಅವ್ವ ಕೈ ಬಿಡಿಸಿಕೊಂಡಳು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

"ಯಾಕ ಬೇ, ಛಲೋ ನೋಡ್ತಾರಲ್ಲ?" ಎಂದು ಕೇಳಿದೆ.

"ಅವರಿಗೆ ಎಲ್ಲಾ ಗೊತ್ತದ" ಎಂದಳು, ಅದೇ ಅವರ ದೊಡ್ಡ ಐಬು ಎನ್ನುವ ಹಾಗೆ.

ಮುಂದಿನ ವಾರ ಹಿಮ್ಮಡಿ ನೋವೆಂದು ಮತ್ತೆ ಕ್ಯಾಜುವಲ್ಟಿ. ಯಾವಾಗಲೂ ನಾನು ಹೊರಗೆ ಬೆಂಚಿನ ಮೇಲೆಯೇ ಉಳಿಯುತ್ತಿದ್ದೆ. ಅವತ್ತು ಗದ್ದಲ ಬಹಳವಿತ್ತು, ನರ್ಸು ನನ್ನನ್ನೂ ಒಳಗೆ ತಳ್ಳಿದಳು. ಪಾಳಿಯಲ್ಲಿದ್ದ ಡಾಕ್ಟರು ಹೊಸಬರು, ಮೈಸೂರು ಕಡೆಯ ಹುಡುಗ. ಅವ್ವನ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತ, "ಮಕ್ಕಳೆಷ್ಟು ಜನ ಅಮ್ಮಾ?" ಎಂದು ಕೇಳಿದರು.

"ಇಬ್ಬರ್ರೀ. ಇಕಿ ಒಬ್ಬಾಕಿ. ಮಗ ಮಾನ್ವಿಯಾಗ ಮಾಸ್ತರ ಅದಾನ."

"ಚೆನ್ನಾಗಿ ನೋಡ್ಕೋತಾರಾ?"

"ಬಂಗಾರದಂಥಾ ಹುಡುಗರೀ. ಊಟದ್ದಷ್ಟ ತಕರಾರು. ಬದನಿಕಾಯಿ ಮುಟ್ಟಂಗಿಲ್ಲ."

ಅದು ಅವಳ ಹಳೆಯ ದನಿ. ದೇವದುರ್ಗ ಬಿಟ್ಟ ಮೇಲೆ ಆ ದನಿಯನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ಅವ್ವ ನನ್ನ ಕಡೆ ನೋಡಲಿಲ್ಲ. ಅಲ್ಲಿ ಪಾಳಿಗೊಬ್ಬ ಡಾಕ್ಟರು ಬದಲಾಗುತ್ತಿದ್ದರು, ಯಾರಿಗೂ ನಮ್ಮ ಬಗ್ಗೆ ಏನೂ ಗೊತ್ತಿರಲಿಲ್ಲ. ಇಷ್ಟು ದಿನ ಅವಳು ಯಾಕೆ ಇಲ್ಲಿಗೇ ಬರುತ್ತಿದ್ದಳೆಂದು ಆಗ ತಿಳಿಯಿತು. ತಿಳಿದರೂ ನನ್ನೊಳಗೆ ಏನೂ ಆಗಲಿಲ್ಲ.

ಡಾಕ್ಟರು ನಗುತ್ತ ನನ್ನ ಕಡೆ ತಿರುಗಿದರು. "ನಿಮಗೆ ಅಣ್ಣನೋ, ತಮ್ಮನೋ?"

"ತಮ್ಮರೀ" ಎಂದೆ. "ಐತವಾರ ಬರ್ತಾನ."

ಅವ್ವ ಹೌದೆಂದು ತಲೆಯಾಡಿಸಿದಳು.