ಕೆಳಮನೆಯ ಡೊಳ್ಳರು

ಇಲಿಯಕ್ಕನಿಗೆ ಆ ಹೆಸರು ಬಿದ್ದದ್ದು ಸಂಶೋಧನಾಲಯದ ಇಲಿಕೋಣೆಗೆ ಸೇರಿದ ಮೇಲೆ. ಅದಕ್ಕೂ ಮೊದಲು ಅವಳು ವೃದ್ಧಾಶ್ರಮವೊಂದರಲ್ಲಿ ಆಯಾ. ಮಂಡಿನೋವಿನವರಿಗೆ ಕೆಳಗಿನ ಕೋಣೆ, ಗಟ್ಟಿಮುಟ್ಟಾದವರಿಗೆ ಮಹಡಿ. ಅಲ್ಲಿ ಕಲಿತ ಈ ನ್ಯಾಯ ಅವಳಿಗೆ ರಕ್ತಗತವಾಗಿಬಿಟ್ಟಿತ್ತು.

ಇಲಿಕೋಣೆಯಲ್ಲಿ ಪಂಜರಗಳು ಎರಡು ಸಾಲು. ಎಲ್ಲ ಇಲಿಗಳಿಗೂ ಕೊಬ್ಬಿನ ಉಂಡೆಯೇ ಊಟ. ಮೇಲಿನ ಸಾಲಿನ ನೀರಿನಲ್ಲಿ ಮಾತ್ರ ಬೊಜ್ಜು ಕರಗಿಸುತ್ತದೆಂದು ಅಲ್ಲಿನ ಪಂಡಿತರು ನಂಬಿದ್ದ ಯಾವುದೋ ಎಲೆಯ ಸತ್ವ. ಕೆಳಗಿನವಕ್ಕೆ ಬರೀ ನೀರು. ಮೇಲಿನ ಪಂಜರಗಳ ನೀರಿನ ನಳಿಕೆ ತುಸು ಎತ್ತರ. ಉಬ್ಬಿದ ಇಲಿಯೊಂದು ಅದು ಎಟುಕದೆ ಏದುಸಿರು ಬಿಡುವುದನ್ನು ಕಂಡು ಇಲಿಯಕ್ಕನ ಕರುಳು ಚುರುಕ್ಕೆಂದಿತು.

“ಬಾರೋ ಡೊಳ್ಳ, ನಿನಗೆ ಕೆಳಮನೆ,” ಎಂದು ಇಳಿಸಿ, ಕೆಳಗಿದ್ದ, ಕಿವಿ ಹರಿದ ಸಣಕಲನೊಬ್ಬನನ್ನು ಮೇಲೇರಿಸಿದಳು. ಆಮೇಲೆ ಅದೇ ರೂಢಿಯಾಯಿತು. ಮಹಾಪಂಡಿತರು ಗುರುತು ಅಂಟಿಸಿದ್ದು ಪಂಜರಕ್ಕೆ, ಇಲಿಗಲ್ಲ.

ಮೇಲಿನ ಸಾಲಿನವೆಲ್ಲ ತೆಳ್ಳಗೆ! ಸಂಶೋಧನಾಲಯ ಕುಣಿದಾಡಿತು. ಎಲೆ ಪುಡಿಯಾಗಿ ಡಬ್ಬಿ ಸೇರಿತು. ಡಬ್ಬಿ ಇಲಿಯಕ್ಕನ ಮನೆಗೂ ಬಂತು. ಅವಳ ತಂಗಿ ಊಟ ಬಿಟ್ಟು ಅದನ್ನೇ ಕಲಸಿ ಕುಡಿಯತೊಡಗಿದಳು. ಒಂದು ಬೆಳಗ್ಗೆ ಕಣ್ಣಿಗೆ ಕತ್ತಲೆ ಬಂದು ಮೆಟ್ಟಿಲ ಮೇಲೆ ಕುಸಿದಳು. ಅವಳನ್ನು ಎತ್ತಿ ಕೂರಿಸುವಾಗ ಡಬ್ಬಿಯ ಚಿತ್ರ ಇಲಿಯಕ್ಕನ ಕಣ್ಣಿಗೆ ಬಿತ್ತು: ‘ಎಲೆಸತ್ವದಿಂದ ತೆಳ್ಳಗಾದ ಇಲಿ’. ಕಿವಿ ಹರಿದ ಅದೇ ಸಣಕಲ! ಅವನು ಹುಟ್ಟಾ ಸಣಕಲ.

“ಪುಡಿ ಬಿಡೇ! ಇಲಿಗಳ್ನ ಅದಲುಬದಲು ಮಾಡಿದ್ದು ನಾನು.”

“ಸುಮ್ನಿರಕ್ಕ. ಅಷ್ಟು ಓದಿದೋರಿಗೆ ಗೊತ್ತಾಗಲ್ವಾ?”

ಇಲಿಯಕ್ಕ ನೇರವಾಗಿ ನಿರ್ದೇಶಕರ ಕೋಣೆಗೆ ನುಗ್ಗಿದಳು. “ಸಾರ್, ದಪ್ಪಗಿದ್ದವನ್ನ ಕೆಳಗಿಳಿಸಿದ್ದು ನಾನೇ. ನಿಮ್ಮ ಎಲೆ ಏನೂ ಮಾಡಿಲ್ಲ.”

ಅದೇ ಪುಡಿಯ ಲೋಟ ಹಿಡಿದು ಕೂತಿದ್ದ ನಿರ್ದೇಶಕರ ಹೊಟ್ಟೆಯ ಮೇಲಿನ ಅಂಗಿಗುಂಡಿ ಆಗಲೇ ಹಾರಿಹೋಗಿತ್ತು. “ನೋಡಮ್ಮಾ, ಇಲಿಗಳು ಸುಳ್ಳು ಹೇಳಲ್ಲ.”

“ಅವು ಬಾಯೇ ಬಿಟ್ಟಿಲ್ವಲ್ಲ ಸಾರ್! ಹೇಳ್ತಿರೋದು ನೀವು.”

ಮಧ್ಯಾಹ್ನದ ಹೊತ್ತಿಗೆ ಕೆಲಸ ಹೋಯಿತು. ಕೊಟ್ಟ ಕಾರಣ: ಇಲಿಗಳ ಮೇಲೆ ಅತಿಯಾದ ಮಮತೆ. ಸುಳ್ಳನ್ನು ಡಬ್ಬಿಗೆ ತುಂಬಿ ಮಾರುವವರಿಗೆ ಚೂರು ನಾಚಿಕೆಯನ್ನು ಯಾವ ಅಂಗಡಿಯಿಂದ ಕೊಡಿಸಬೇಕೋ!

ಮನೆಯಲ್ಲಿ ತಂಗಿ ಪುಡಿ ಕಲಸುತ್ತಿದ್ದಳು. “ಇದೇನಕ್ಕ, ಇಷ್ಟು ಬೇಗ?”

“ಇದ್ದದ್ದು ಇದ್ದ ಹಾಗೆ ಹೇಳ್ದೆ. ತೆಗೆದುಹಾಕಿದ್ರು.”

ತಂಗಿಯ ಚಮಚ ಗಕ್ಕನೆ ನಿಂತಿತು.

“ನೀನು ಹುಚ್ಚುಹುಚ್ಚಾಗಿ ಮಾತಾಡಿದ್ದಿದ್ರೆ ನಕ್ಕು ಕಳಿಸ್ತಿದ್ರು. ಕೆಲಸದಿಂದ್ಲೇ ತೆಗೆದ್ರು ಅಂದ್ರೆ...” ಲೋಟವನ್ನು ಬಚ್ಚಲಿಗೆ ಸುರಿದು ಬಂದು, ಚಕ್ಕಳಮಕ್ಕಳ ಹಾಕಿ ಕೂತಳು. “ಬಡಿಸಕ್ಕ. ಹೊಟ್ಟೆ ಹಸೀತಿದೆ.”