ಅಗಸಿ ಚೆನ್ನಾಗಿದೆ

ಹೋದ ತಿಂಗಳು ಉದಗೀರದ ನಮ್ಮ ಓಣಿಗೆ ಕಂದಾಯ ಕಚೇರಿಯ ಗಿರದಾವರ ಸಾಹೇಬರೊಬ್ಬರು ಕುದುರೆಯ ಮೇಲೆ ಬಂದರು. ಇಳಿದವರೇ ಕೇಳಿದ್ದು ಒಂದೇ ಮಾತು: "ಖೇತ್ ಕಿಧರ್ ಹೈ?"

ಹೊಲವೇ? ನಾವು ಕರೆಸಿದ್ದು ಬಾಗಿಲು ತೋರಿಸಲು!

ಊರ ಬಾಗಿಲು ನಮ್ಮ ಬಾಯಲ್ಲಿ ಅಗಸಿ. (ಎಣ್ಣೆ ತೆಗೆಯುವ ಕಾಳೂ ಅಗಸಿಯೇ. ನಮಗೆಂದೂ ಗೊಂದಲವಾದದ್ದಿಲ್ಲ. ಒಂದರೊಳಗೆ ಹಾಯ್ದು ಹೋಗುತ್ತೇವೆ, ಇನ್ನೊಂದನ್ನು ಹುರಿದು ಹಿಂಡಿ ಕುಟ್ಟಿ ರೊಟ್ಟಿಗೆ ಹಚ್ಚಿಕೊಳ್ಳುತ್ತೇವೆ.)

ನಮ್ಮ ಓಣಿಯ ಅಗಸಿಯ ಕಮಾನು ಬಿರುಕು ಬಿಟ್ಟು ಬಹಳ ದಿನವಾಗಿತ್ತು. ಅದರ ಬಗಲಿನ ಕಲ್ಲುಕೋಣೆಯಲ್ಲಿ ಪುಠಾಣಿ ಮಾರುವ ಚೆನ್ನವ್ವ ಇದ್ದಳು. ಅವಳ ಮಾವ ಅಗಸಿ ಕಾಯುತ್ತಿದ್ದವನು. ಗಂಡ ಹೋದ ಮೇಲೆ ಅವಳಿಗೆ ಉಳಿದದ್ದು ಆ ಕೋಣೆಯೊಂದೇ.

ಕಿಲ್ಲೆಯ ಹೆಸರೆತ್ತಿದರೆ ಎದೆ ಉಬ್ಬಿಸುವ ನಮ್ಮೂರ ದೊಡ್ಡವರಿಗೆ ಓಣಿಯ ಅಗಸಿ ಕಣ್ಣಿಗೇ ಬೀಳುವುದಿಲ್ಲ. ಕಿಲ್ಲೆಯಲ್ಲಿ ಈಗ ಯಾರಿದ್ದಾರೆ? ಬಾವಲಿಗಳು. ಅಗಸಿಯಲ್ಲಿ ಒಂದು ಜೀವವಿತ್ತು, ಒಲೆ ಉರಿಯುತ್ತಿತ್ತು.

ಅರ್ಜಿ ಕೊಡೋಣವೆಂದೆವು. ಕಚೇರಿಯ ಮಾತು ಉರ್ದು. ಓಣಿಯ ಹಿರಿಯ ಸಾವಕಾರ ಬಸಲಿಂಗಪ್ಪನವರು ಮುನ್ಶಿಯ ಮುಂದೆ ಕೂತು ಹೇಳಿದರಂತೆ: "ನಮ್ಮ ಅಗಸಿ ಕೆಟ್ಟು ಹೋಗ್ಯಾದ್ರಿ. ಸರ್ಕಾರ ಬಂದು ನೋಡಬೇಕ್ರಿ." ಪಾಪ, ಆ ಮುನ್ಶಿ ಕನ್ನಡ ಕಲಿತದ್ದು ಕಾಳಿನ ಪೇಟೆಯಲ್ಲಿ. ಅವನು ಬರೆದ: ಅಲಸಿಯ (ಉರ್ದುವಿನಲ್ಲಿ ಅಗಸಿ ಕಾಳು) ಬೆಳೆ ಖರಾಬಾಗಿದೆ!

ಸಾಹೇಬರನ್ನು ನಾನೇ ಕಮಾನಿನ ಕೆಳಗೆ ಕರೆದುಕೊಂಡು ಹೋದೆ. "ಇದೇ ನಮ್ಮ ಅಗಸಿ ನೋಡ್ರಿ. ಇವತ್ತೋ ನಾಳೆಯೋ ಬೀಳ್ತದ."

ಸಾಹೇಬರು ತಲೆಯೆತ್ತಿ ನೋಡಿ ಪಟಕ್ಕನೆ ಹಿಂದೆ ಸರಿದರು. (ಅಷ್ಟರಮಟ್ಟಿಗೆ ನನ್ನ ಮಾತು ನಂಬಿದರು.) ಆಮೇಲೆ ಮೆಲ್ಲಗೆ, "ದರವಾಜಾ ಹಮಾರಾ ಕಾಮ್ ನಹೀಂ" ಎಂದರು. ಬೆಳೆಯ ಆಫೀಸು ಬೇರೆ, ಬಾಗಿಲಿನ ಆಫೀಸು ಬೇರೆಯಂತೆ. ಬೇರೆ ಅರ್ಜಿ ಕೊಡಬೇಕಂತೆ.

ಆದರೂ ಬಂದದ್ದಕ್ಕೆ ರಿಪೋರ್ಟು ಆಗಬೇಕಲ್ಲ? ಬಸಲಿಂಗಪ್ಪನವರ ಹೊಲಕ್ಕೆ ಹೋದರು. ಅಲ್ಲಿ ಅಗಸಿ ನೀಲಿ ಹೂವು ತುಂಬಿ ನಿಂತಿತ್ತು. ಸಾಹೇಬರಿಗೆ ಬಹಳ ಸಂತೋಷವಾಯಿತು.

ಸಂಜೆ ಚೆನ್ನವ್ವ ಕೇಳಿದಳು, "ಏನಂದ್ರೀ ಅಣ್ಣಾರ, ಸಾಹೇಬರು?"

"ಅಗಸಿ ಛಲೋ ಅದ ಅಂದ್ರವ್ವಾ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಮೂರು ಮಾತು ಬಲ್ಲವರೆಂದು ನಾವು ಬೀಗುತ್ತೇವೆ. ನಮ್ಮ ಕಷ್ಟ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಬೇರೆ ಏನೋ ಆಗಿಬಿಡುತ್ತದೆ. ಯಾರನ್ನು ಬೈಯೋಣ? ಮುನ್ಶಿ ಕೆಟ್ಟವನಲ್ಲ. ಸಾಹೇಬರು ಮರ್ಯಾದಸ್ಥರು. ಬೈಯಲು ಕೂಡ ಯಾರೂ ಸಿಗದಿದ್ದಾಗ ಮನುಷ್ಯ ಬಹಳ ದಣಿಯುತ್ತಾನೆ. ನಾನು ದಣಿದಿದ್ದೇನೆ.

ಎರಡನೆಯ ಅರ್ಜಿಗೆ ನಾನೇ ಹೋಗಿ 'ದರವಾಜಾ, ದರವಾಜಾ' ಎಂದು ಒತ್ತಿ ಹೇಳಿ ಬರೆಸಿದೆ. ಉತ್ತರ ಬರಲಿಲ್ಲ.

ಮೊನ್ನೆ ಸೋಮವಾರ ಕಮಾನು ಬಿತ್ತು.

ಸೋಮವಾರವಾದ್ದರಿಂದ ಚೆನ್ನವ್ವ ಮಠಕ್ಕೆ ಹೋಗಿದ್ದಳು. ಜೀವ ಉಳಿಯಿತು, ಕೋಣೆ ಉಳಿಯಲಿಲ್ಲ. ಈಗ ನಮ್ಮ ಪಡಸಾಲೆಯಲ್ಲಿದ್ದಾಳೆ. ಎಷ್ಟು ದಿನವೆಂದು ಅವಳೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಅಂದು ಓಣಿಯವರೆಲ್ಲ ಕಲ್ಲುಗಳ ಸುತ್ತ ನಿಂತಿದ್ದೆವು. ಅಗಸಿ ಬಿತ್ತೆಂದು ಕಚೇರಿಗೆ ತಿಳಿಸಿಯೇ ಬರುತ್ತೇನೆಂದು ಬಸಲಿಂಗಪ್ಪನವರು ರುಮಾಲು ಸುತ್ತಿಕೊಂಡು ಹೊರಟೇಬಿಟ್ಟರು. ಪುಠಾಣಿ ಹುರಿಯುವ ಬಾಣಲಿಯನ್ನು ಮಣ್ಣಿನಿಂದ ಎಳೆದು ತೆಗೆಯುತ್ತಿದ್ದ ಚೆನ್ನವ್ವ ತಲೆ ಎತ್ತಲಿಲ್ಲ. ಕೂತಲ್ಲಿಂದಲೇ ಕೂಗಿದಳು:

"ತಡೀರಿ ಸಾವಕಾರ್ರೇ! ಅಗಸಿ ನೆಲಕ್ಕ ಬಂತು ಅಂದ್ರ, ಬೆಳೆ ಕೊಯ್ದು ರಾಶಿ ಆಯ್ತು ಅಂತ ತಿಳಕೊಂಡು ಕಂದಾಯ ಕೇಳಲಾಕ ಬಂದಾರು!"